ಕಣ್ಣು ಮುಚ್ಚಿ ನಂಬುವ ಕುಟುಂಬದ ವೈನರಿ ಯಾವುದು? ಅದರ ಕೆಂಪು ವೈನ್‌ಗಳಲ್ಲಿ ನಿಮಗೆ ಇಷ್ಟವಾದದ್ದು ಯಾವುದು?

ತೋಟದ ದಾರಿ

ಗೆಳೆಯರೇ, ಕೆಂಪು ವೈನ್ ಬಗ್ಗೆ ಒಂದು ನೇರ ಪ್ರಶ್ನೆ. ತಲೆಮಾರುಗಳಿಂದ ಒಂದೇ ಕುಟುಂಬ ನಡೆಸಿಕೊಂಡು ಬಂದಿರುವ, ಯಾವ ಬಾಟಲಿ ಎತ್ತಿಕೊಂಡರೂ ಕೈಕೊಡದ ವೈನರಿ ಅಂತ ನೀವು ಯಾವುದನ್ನು ಹೇಳುತ್ತೀರಿ? ಆ ಮನೆಯ ಕೆಂಪು ವೈನ್‌ಗಳಲ್ಲಿ ನಿಮಗೆ ತುಂಬ ಹಿಡಿಸಿದ್ದು ಯಾವುದು? ಸುಮ್ನೆ ಹೆಸರು ಹೇಳಿ ಹೋಗಬೇಡಿ, ಯಾಕೆ ಅಂತಲೂ ಬರೆಯಿರಿ.

ನನ್ನ ಉತ್ತರ ಮೊದಲು ಹೇಳಿಬಿಡುತ್ತೇನೆ. ಸ್ಪೇನ್‌ನ ರಿಯೋಹಾ ಸೀಮೆಯ ಲೋಪೆಸ್ ದೆ ಎರೆದಿಯಾ. ಆರೋ ಎಂಬ ಪಟ್ಟಣದ ರೈಲು ನಿಲ್ದಾಣದ ಪಕ್ಕದಲ್ಲೇ ಇವರ ನೆಲಮಾಳಿಗೆ ಇದೆ. 1877ರಲ್ಲಿ ರಫಾಯೆಲ್ ಲೋಪೆಸ್ ದೆ ಎರೆದಿಯಾ ಶುರುಮಾಡಿದ್ದು. ಆಗ ಫ್ರಾನ್ಸ್‌ನ ತೋಟಗಳನ್ನು ಫಿಲಾಕ್ಸೆರಾ ಎಂಬ ಬೇರುಹೇನು ತಿಂದು ಹಾಕುತ್ತಿತ್ತು. ಅಲ್ಲಿನ ಬೋರ್ಡೋ ಸೀಮೆಯ ವ್ಯಾಪಾರಿಗಳು ವೈನ್ ಹುಡುಕಿಕೊಂಡು ರಿಯೋಹಾಕ್ಕೆ ಬಂದರು. ರೈಲು ಇದ್ದದ್ದರಿಂದ ಆರೋದಲ್ಲೇ ನೆಲೆಯೂರಿದರು. ಆ ಕಾಲದಲ್ಲಿ ಕಲಿತ ಪದ್ಧತಿಯನ್ನು ಈ ಮನೆಯವರು ಇವತ್ತಿಗೂ ಬಿಟ್ಟಿಲ್ಲ. ಈಗ ನಡೆಸುತ್ತಿರುವುದು ನಾಲ್ಕನೇ ತಲೆಮಾರು.

ಕೆಂಪಿನಲ್ಲಿ ಮುಖ್ಯವಾಗಿ ಮೂರು ಹೆಸರು. ವಿನ್ಯಾ ಕುಬಿಯೋ, ವಿನ್ಯಾ ಬೊಸ್ಕೋನಿಯಾ, ವಿನ್ಯಾ ತೊಂದೋನಿಯಾ. ಕುಬಿಯೋ ಸುಮಾರು 3 ವರ್ಷ ಪೀಪಾಯಿಯಲ್ಲಿ ಇರುತ್ತದೆ. ಬೊಸ್ಕೋನಿಯಾ ರೆಸೆರ್ವಾ 5 ವರ್ಷ. ತೊಂದೋನಿಯಾ ರೆಸೆರ್ವಾ 6 ವರ್ಷ. ಒಳ್ಳೆಯ ಬೆಳೆ ಬಂದ ವರ್ಷಗಳಲ್ಲಿ ಮಾತ್ರ ಮಾಡುವ ಗ್ರಾನ್ ರೆಸೆರ್ವಾ 10 ವರ್ಷದ ಹತ್ತಿರ. ಆಮೇಲೆ ಬಾಟಲಿಯಲ್ಲಿ ಇನ್ನಷ್ಟು ವರ್ಷ. ಅಂದರೆ ನಮ್ಮ ಕೈಗೆ ಬರುವ ಹೊತ್ತಿಗೆ ಅದು ಕುಡಿಯಲು ತಯಾರಾಗಿರುತ್ತದೆ. ನಂಬಿಕೆ ಅಂದರೆ ನನಗೆ ಇದೇ. ಹದಕ್ಕೆ ಬರುವ ತನಕ ವೈನನ್ನು ಹೊರಗೆ ಬಿಡದೆ ಇಟ್ಟುಕೊಳ್ಳುವ ಮನೆ.

ನನ್ನ ಮೆಚ್ಚಿನದು ತೊಂದೋನಿಯಾ ರೆಸೆರ್ವಾ. ಎಬ್ರೋ ನದಿ ಬಾಗುವ ಕಡೆ ಇರುವ ಸುಮಾರು 100 ಹೆಕ್ಟೇರ್ ತೋಟದ ಹಣ್ಣು ಅದು. ಫಿಲಾಕ್ಸೆರಾ ರಿಯೋಹಾಕ್ಕೂ ಬಂದು ಹೋದ ಮೇಲೆ, 1913-14ರಲ್ಲಿ ಆ ತೋಟ ಹಾಕಿದ್ದು. ದ್ರಾಕ್ಷಿ ತಳಿಗಳಲ್ಲಿ ಟೆಂಪ್ರನಿಯೊ ಮುಕ್ಕಾಲು ಪಾಲು, ಗರ್ನಾಚಾ 15 ಶೇಕಡ, ಉಳಿದದ್ದು ಗ್ರಾಸಿಯಾನೊ ಮತ್ತು ಮಾಸುವೆಲೊ. ಬಣ್ಣ ತಿಳಿ. ಮೊದಲು ಒಣಗಿದ ಚೆರ್ರಿ, ಆಮೇಲೆ ತೊಗಲು, ಹೊಗೆಸೊಪ್ಪು, ಕಿತ್ತಳೆ ಸಿಪ್ಪೆ, ಹೀಗೆ ಒಂದೊಂದೇ ಘಮ ಬರುತ್ತದೆ. ಹುಳಿ ಚೆನ್ನಾಗಿ ಎದ್ದು ನಿಲ್ಲುತ್ತದೆ. ಒಗರು ಕರಗಿ ಮೆತ್ತಗಾಗಿರುತ್ತದೆ.

ಈಗ ನಿಮ್ಮ ಸರದಿ.

ಒಗರುಪ್ರಿಯ

ಮನೆ ಅದೇ, ಬಾಟಲಿ ಬೇರೆ. ನನ್ನ ಮತ ಬೊಸ್ಕೋನಿಯಾಕ್ಕೆ.

ತೊಂದೋನಿಯಾ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಬೊಸ್ಕೋನಿಯಾ ಅದರ ನೆರಳಲ್ಲಿ ಉಳಿದುಬಿಟ್ಟಿದೆ. ಇದಕ್ಕೆ ಹಣ್ಣು ಬರುವುದು ಎಲ್ ಬೊಸ್ಕೆ ಎಂಬ ಚಿಕ್ಕ ತೋಟದಿಂದ, ಸುಮಾರು 15 ಹೆಕ್ಟೇರ್ ಅಷ್ಟೇ. ಟೆಂಪ್ರನಿಯೊ ಪಾಲು ಇದರಲ್ಲಿ ಸ್ವಲ್ಪ ಜಾಸ್ತಿ, 80 ಶೇಕಡದ ಹತ್ತಿರ. ಬಾಟಲಿ ನೋಡಿದರೇ ಗೊತ್ತಾಗುತ್ತದೆ, ಫ್ರಾನ್ಸ್‌ನ ಬರ್ಗಂಡಿಯವರ ಹಾಗೆ ಇಳಿಜಾರು ಭುಜ. ತೊಂದೋನಿಯಾ ಬೋರ್ಡೋದವರ ಹಾಗೆ ನೆಟ್ಟಗೆ ಭುಜ. ಬೊಸ್ಕೋನಿಯಾದಲ್ಲಿ ಮೈಕಟ್ಟು ಜಾಸ್ತಿ, ಹಣ್ಣಿನ ರುಚಿ ಮುಂದೆ ಬರುತ್ತದೆ, ಒಗರು ಇನ್ನೂ ಸ್ವಲ್ಪ ಉಳಿದಿರುತ್ತದೆ. ನನಗೆ ಅದು ಬೇಕು. ತೊಂದೋನಿಯಾ ಕೆಲವೊಮ್ಮೆ ನನಗೆ ತೀರಾ ನಯ ಅನ್ನಿಸುತ್ತದೆ.

ಹೊಸ ಗುಟುಕು

ನಾನು ಈ ವಿಷಯಕ್ಕೆ ಹೊಸಬಳು. ಎರಡು ಅನುಮಾನ ಕೇಳಬಹುದಾ?

ಒಂದು, 6 ವರ್ಷ ಮರದ ಪೀಪಾಯಿಯಲ್ಲಿ ಇಟ್ಟರೆ ವೈನ್ ಮರದ ರುಚಿ ಹೊಡೆಯುವುದಿಲ್ವಾ? ಎರಡು, ರೆಸೆರ್ವಾ, ಗ್ರಾನ್ ರೆಸೆರ್ವಾ ಅಂತ ಬರೆಯುವುದು ಅವರವರ ಇಷ್ಟವಾ, ಇಲ್ಲ ನಿಯಮ ಇದೆಯಾ?

ತೋಟದ ದಾರಿ

ಎರಡೂ ಒಳ್ಳೆಯ ಪ್ರಶ್ನೆ.

ನಿಯಮದ ವಿಷಯ ಮೊದಲು. ರಿಯೋಹಾದಲ್ಲಿ ರೆಸೆರ್ವಾಕ್ಕಿಂತ ಕೆಳಗಿನ ದರ್ಜೆಯಾದ ಕೆಂಪು ಕ್ರಿಯಾನ್ಸಾ ಅಂದರೆ ಕನಿಷ್ಠ 2 ವರ್ಷ ಕಳೆದಿರಬೇಕು, ಅದರಲ್ಲಿ 1 ವರ್ಷ ಪೀಪಾಯಿಯಲ್ಲಿ. ರೆಸೆರ್ವಾಗೆ 3 ವರ್ಷ, ಅದರಲ್ಲೂ ಪೀಪಾಯಿಯಲ್ಲಿ ಕನಿಷ್ಠ 1 ವರ್ಷ. ಗ್ರಾನ್ ರೆಸೆರ್ವಾಗೆ 5 ವರ್ಷ, ಅದರಲ್ಲಿ 2 ವರ್ಷ ಪೀಪಾಯಿ. ಈಗ ಮೇಲಿನ ಲೆಕ್ಕಕ್ಕೆ ಹೋಲಿಸಿ ನೋಡಿ. ಇವರ ಮನೆಯ ಕೆಳಗಿನ ಮೆಟ್ಟಿಲಿನ ಕುಬಿಯೋ ಕೂಡ, ಗ್ರಾನ್ ರೆಸೆರ್ವಾಗೆ ಕಾನೂನು ಕೇಳುವುದಕ್ಕಿಂತ ಜಾಸ್ತಿ ದಿನ ಪೀಪಾಯಿಯಲ್ಲಿ ಇರುತ್ತದೆ.

ಇನ್ನು ಮರದ ರುಚಿ. ಹೊಸ ಪೀಪಾಯಿ ಆದರೆ ನೀವು ಹೇಳಿದ್ದು ನಿಜ. ವೆನಿಲಾ, ತೆಂಗು, ಸುಟ್ಟ ಮರ, ಎಲ್ಲ ವೈನ್‌ಗೆ ಇಳಿಯುತ್ತದೆ. ಕೆಲವು ವರ್ಷ ಬಳಸಿದ ಮೇಲೆ ಪೀಪಾಯಿಯಲ್ಲಿ ಕೊಡುವ ರುಚಿ ಖಾಲಿಯಾಗುತ್ತದೆ. ಆಮೇಲೆ ಅದು ಮಾಡುವ ಕೆಲಸ ಒಂದೇ, ಮರದ ಸಣ್ಣ ರಂಧ್ರಗಳ ಮೂಲಕ ಗಾಳಿಯನ್ನು ನಿಧಾನಕ್ಕೆ ಒಳಗೆ ಬಿಡುವುದು. ಇವರು ಬಳಸುವುದು ಹಳೆಯ ಪೀಪಾಯಿಗಳನ್ನೇ. ಅಮೆರಿಕದ ಓಕ್ ಮರ ತರಿಸಿ, ತಮ್ಮದೇ ಬಡಗಿಗಳಿಂದ 225 ಲೀಟರ್‌ನ ಪೀಪಾಯಿ ಮಾಡಿಸಿಕೊಳ್ಳುತ್ತಾರೆ. ಹಾಳಾದದ್ದನ್ನು ಅಲ್ಲೇ ರಿಪೇರಿ ಮಾಡುತ್ತಾರೆ. ವರ್ಷಕ್ಕೆ ಎರಡು ಸಲ ವೈನನ್ನು ಒಂದು ಪೀಪಾಯಿಯಿಂದ ಇನ್ನೊಂದಕ್ಕೆ ಬಸಿಯುತ್ತಾರೆ. ಅಡಿಯಲ್ಲಿ ಕೂತ ಗಷ್ಟು ಹಿಂದೆ ಉಳಿಯುತ್ತದೆ, ವೈನ್‌ಗೆ ಸ್ವಲ್ಪ ಗಾಳಿಯೂ ಸಿಗುತ್ತದೆ. ಕೊನೆಗೆ ಮೊಟ್ಟೆಯ ಬಿಳಿ ಲೋಳೆ ಹಾಕಿ ತಿಳಿ ಮಾಡುತ್ತಾರೆ. ಆ ಲೋಳೆಯ ಪ್ರೋಟೀನ್ ಒಗರು ಕೊಡುವ ಒರಟು ಟ್ಯಾನಿನ್‌ಗೆ ಅಂಟಿಕೊಂಡು ಕೆಳಗೆ ಕೂರುತ್ತದೆ. ಫಿಲ್ಟರ್ ಮಾಡುವುದಿಲ್ಲ.

ಆ ನೆಲಮಾಳಿಗೆಯ ಗೋಡೆ ತುಂಬ ಬೂಷ್ಟು, ಮೂಲೆ ತುಂಬ ಜೇಡರ ಬಲೆ. ಅದನ್ನು ಗುಡಿಸದೆ ಬಿಟ್ಟಿದ್ದಾರೆ. ಕಾರ್ಕ್ ಕೊರೆಯುವ ಪತಂಗಗಳನ್ನು ಜೇಡಗಳು ತಿನ್ನುತ್ತವೆ. ಇಂಥ ಮನೆಯವರೇ ಅಂಗಡಿ ಕಟ್ಟಡಕ್ಕೆ, ಹೊಸ ಕಾಲದ ಕಟ್ಟಡಗಳಿಗೆ ಹೆಸರಾದ ವಾಸ್ತುಶಿಲ್ಪಿ ಝಾಹಾ ಹದೀದ್ ಅವರನ್ನು ಕರೆಸಿದರು ಅನ್ನುವುದು ನನಗೆ ಯಾವಾಗಲೂ ಖುಷಿ ಕೊಡುವ ವಿಷಯ.

ರೋನ್ ತೀರ

ಲೋಪೆಸ್ ದೆ ಎರೆದಿಯಾ ಬಗ್ಗೆ ಜಗಳ ಇಲ್ಲ. ಆದರೆ ಅದು ಎಲ್ಲ ಕಡೆ ಸಿಗುವುದಿಲ್ಲ, ಸಿಕ್ಕಿದರೂ ಬೇಗ ಖಾಲಿಯಾಗುತ್ತದೆ. ಬಾಟಲಿ ಕೈಗೇ ಸಿಗದಿದ್ದರೆ ನಂಬಿಕೆಯಿಂದ ಏನು ಉಪಯೋಗ? ಅದಕ್ಕೇ ನಾನು ಗಿಗಾಲ್ ಅನ್ನುತ್ತೇನೆ.

ಫ್ರಾನ್ಸ್‌ನ ರೋನ್ ಕಣಿವೆಯ ಆಂಪ್ಯೂಯಿ ಎಂಬ ಊರು. 1946ರಲ್ಲಿ ಎತಿಯೆನ್ ಗಿಗಾಲ್ ಶುರುಮಾಡಿದರು. ಅದಕ್ಕೂ ಮೊದಲು ಅವರು ವಿದಾಲ್ ಫ್ಲೂರಿ ಅನ್ನುವ ಹಳೆಯ ಮನೆಯಲ್ಲಿ ಕೆಲಸಕ್ಕಿದ್ದವರು. 1961ರಲ್ಲಿ ಅವರಿಗೆ ಕಣ್ಣು ಕಾಣದಂತಾಯಿತು. ಮಗ ಮಾರ್ಸೆಲ್ ಹದಿಹರೆಯದಲ್ಲೇ ಹೊಣೆ ಹೊತ್ತರು. ಮುಂದೆ 1980ರ ದಶಕದಲ್ಲಿ, ಅಪ್ಪ ದುಡಿದಿದ್ದ ಆ ವಿದಾಲ್ ಫ್ಲೂರಿಯನ್ನೇ ಈ ಕುಟುಂಬ ಕೊಂಡುಕೊಂಡಿತು. ಈಗ ಮಾರ್ಸೆಲ್ ಜೊತೆ ಅವರ ಮಗ ಫಿಲಿಪ್ ಇದ್ದಾರೆ.

ಜನ ಇವರನ್ನು ಹೊಗಳುವುದು ಅದೇ ಕಣಿವೆಯ ಕೋಟ್ ರೋಟಿ ಸೀಮೆಯ ಮೂರು ದೊಡ್ಡ ಬಾಟಲಿಗಳಿಗೆ. ಲಾ ಮೂಲಿನ್ 1966ರಿಂದ, ಲಾ ಲಾಂಡೋನ್ 1978ರಿಂದ, ಲಾ ತ್ಯೂರ್ಕ್ 1985ರಿಂದ. ಮೂರೂವರೆ ವರ್ಷ ಹೊಸ ಓಕ್‌ನಲ್ಲಿ. ತೊಂದೋನಿಯಾದ ಹಳೆಯ ಪೀಪಾಯಿಗೆ ಪೂರ್ತಿ ಉಲ್ಟಾ ದಾರಿ. ಅವು ದೊಡ್ಡ ವೈನ್‌ಗಳೇ, ಇಲ್ಲ ಅನ್ನುವುದಿಲ್ಲ.

ಆದರೆ ನನ್ನ ಮೆಚ್ಚಿನದು ಅವರ ಸಾದಾ ಕೋಟ್ ದ್ಯು ರೋನ್ ಕೆಂಪು. ಅದೇ, ಎಲ್ಲಕ್ಕಿಂತ ಕೆಳಗಿನದು. ಆ ಸೀಮೆಯ ಬಹಳಷ್ಟು ಕೋಟ್ ದ್ಯು ರೋನ್‌ಗಳು ಗ್ರೆನಾಶ್ ದ್ರಾಕ್ಷಿಯ ಮೇಲೆ ನಿಂತಿರುತ್ತವೆ. ಮೆತ್ತಗೆ, ಬಿಸಿಬಿಸಿ, ಬೇಗ ಕುಡಿದು ಮುಗಿಸುವಂಥವು. ಗಿಗಾಲ್ ತಮ್ಮದರಲ್ಲಿ ಸಿರಾ ದ್ರಾಕ್ಷಿಯ ಪಾಲು ಹೆಚ್ಚಿಸಿದರು. ಹಾಗಾಗಿ ಕಾಳುಮೆಣಸಿನ ಘಾಟು, ಕಪ್ಪು ಹಣ್ಣು, ಒಳ್ಳೆಯ ಬೆನ್ನೆಲುಬು. ಲಕ್ಷಗಟ್ಟಲೆ ಬಾಟಲಿ ಮಾಡಿಯೂ ಆ ಮಟ್ಟ ಬಿಡುವುದಿಲ್ಲ. ಒಂದು ಸಣ್ಣ ತೋಟದಲ್ಲಿ ಕೆಲವೇ ಪೀಪಾಯಿ ಒಳ್ಳೆಯ ವೈನ್ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಇಷ್ಟು ದೊಡ್ಡ ಪ್ರಮಾಣದಲ್ಲಿ ವರ್ಷ ವರ್ಷವೂ ಹದ ತಪ್ಪದೆ ಮಾಡುವುದು ನನ್ನ ಕಣ್ಣಿಗೆ ಅದಕ್ಕಿಂತ ಕಷ್ಟದ ಕೆಲಸ.

ನೇರ ಮಾತು

ಸ್ವಲ್ಪ ತಡೆಯಿರಿ. ಗಿಗಾಲ್ ಆ ಕೋಟ್ ದ್ಯು ರೋನ್‌ಗೆ ಬೇಕಾದದ್ದನ್ನು ಬಹಳಷ್ಟು ಬೇರೆ ಬೆಳೆಗಾರರಿಂದ ಕೊಳ್ಳುತ್ತಾರೆ. ತೋಟ ಅವರದಲ್ಲ. ಹಾಗಿದ್ದರೆ 'ಕುಟುಂಬದ ವೈನ್' ಅಂದರೆ ಏನು ಅರ್ಥ?

ಲೇಬಲ್ ಮೇಲೆ ಮನೆತನದ ಹೆಸರು ಇದ್ದ ಮಾತ್ರಕ್ಕೆ ಕುಟುಂಬ ಒಳಗಿದೆ ಅಂತಲೂ ಅಲ್ಲ. ರಾಬರ್ಟ್ ಮೊಂಡಾವಿ 1966ರಲ್ಲಿ ಕ್ಯಾಲಿಫೋರ್ನಿಯಾದ ನಾಪಾದಲ್ಲಿ ಕಟ್ಟಿದ ವೈನರಿ 2004ರಲ್ಲಿ ಕಾನ್ಸ್ಟಲೇಶನ್ ಎಂಬ ದೊಡ್ಡ ಕಂಪನಿಗೆ ಹೋಯಿತು. ಆಸ್ಟ್ರೇಲಿಯಾದ ಪೆನ್‌ಫೋಲ್ಡ್ಸ್ 1844ರಲ್ಲಿ ಒಬ್ಬ ಡಾಕ್ಟರ್ ದಂಪತಿ ಶುರುಮಾಡಿದ್ದು, ಈಗ ಅದು ಟ್ರೆಷರಿ ವೈನ್ ಎಸ್ಟೇಟ್ಸ್ ಎಂಬ ಕಂಪನಿಯ ಕೈಯಲ್ಲಿದೆ. ಹೆಸರು ಹಾಗೇ ಇದೆ, ಮನೆಯವರು ಇಲ್ಲ.

ಇನ್ನೊಂದು ಕಡೆ ರಿಜ್ ನೋಡಿ. ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಬೆಟ್ಟದ ಮೇಲಿನ ವೈನರಿ. 1986ರಿಂದ ಜಪಾನ್‌ನ ಓತ್ಸುಕಾ ಕಂಪನಿಯದ್ದು. ಆದರೂ ಪಾಲ್ ಡ್ರೇಪರ್ 1969ರಿಂದ 2016ರ ತನಕ ಒಂದೇ ದಾರಿಯಲ್ಲಿ ವೈನ್ ಮಾಡಿಸಿದರು. ವೈನ್‌ಗೆ ಏನೇನು ಸೇರಿಸಿದ್ದೇವೆ ಅಂತ ಬಾಟಲಿಯ ಮೇಲೇ ಬರೆಯುತ್ತಾರೆ. ಅವರ ಮಾಂಟೆ ಬೆಲ್ಲೊ ಕ್ಯಾಬರ್ನೆ ನಾನು ಕುಡಿದ ಕೆಂಪು ವೈನ್‌ಗಳಲ್ಲಿ ಮೇಲಿನ ಸಾಲಿನದು. ಕುಟುಂಬ ಇಲ್ಲದೆಯೂ ನಂಬಿಕೆ ಉಳಿಯುತ್ತದೆ, ಅಲ್ವಾ?

ತೋಟದ ದಾರಿ

ಉಳಿಯುತ್ತದೆ. ಒಪ್ಪಿದೆ. ಆದರೆ ರಿಜ್‌ನಲ್ಲಿ ಏನಾಯಿತು ಅಂತ ನೋಡಿ. ಒಬ್ಬ ಮನುಷ್ಯ ದಶಕಗಳ ಕಾಲ ಅಲ್ಲೇ ನಿಂತರು, ಮಾಲೀಕರು ಅವರನ್ನು ಅವರ ಪಾಡಿಗೆ ಬಿಟ್ಟರು. ಎರಡೂ ಕೂಡಿ ಬರುವುದು ಅಪರೂಪ.

ಕುಟುಂಬಕ್ಕೆ ಇರುವ ನಿಜವಾದ ಅನುಕೂಲ ಕಾಯುವ ಶಕ್ತಿ. 10 ವರ್ಷ ಪೀಪಾಯಿಯಲ್ಲಿ, ಆಮೇಲೆ ಇನ್ನಷ್ಟು ವರ್ಷ ಬಾಟಲಿಯಲ್ಲಿ ವೈನ್ ಇಟ್ಟುಕೊಳ್ಳುವುದು ಅಂದರೆ ಅಷ್ಟು ವರ್ಷ ದುಡ್ಡನ್ನು ನೆಲಮಾಳಿಗೆಯಲ್ಲಿ ಹೂತಿಟ್ಟ ಹಾಗೆ. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದವರಿಗೆ ಇದು ಆಗದ ಮಾತು. 2001ರ ತೊಂದೋನಿಯಾ ಗ್ರಾನ್ ರೆಸೆರ್ವಾ ಮಾರುಕಟ್ಟೆ ನೋಡುವ ಹೊತ್ತಿಗೆ ಎರಡು ದಶಕ ಕಳೆದಿತ್ತು. ಯಾವ ಕಂಪನಿಯ ಲೆಕ್ಕಪತ್ರದವರು ಇದಕ್ಕೆ ಸಹಿ ಹಾಕುತ್ತಾರೆ?

ಬೇರೆಯವರಿಂದ ಕೊಳ್ಳುವ ವಿಷಯದಲ್ಲಿ ನಾನು ರೋನ್ ತೀರ ಅವರ ಪರವೇ. ಯಾರ ತೋಟ ಅನ್ನುವುದಕ್ಕಿಂತ, ಯಾವುದನ್ನು ಒಳಗೆ ಬಿಡಬೇಕು, ಯಾವುದನ್ನು ವಾಪಸ್ ಕಳಿಸಬೇಕು ಅಂತ ತೀರ್ಮಾನಿಸುವವರು ಯಾರು ಅನ್ನುವುದು ಮುಖ್ಯ.

ಹಳೇ ಬಳ್ಳಿ

ಹಣ್ಣು ಕೊಂಡರೆ ಕುಟುಂಬದ ವೈನ್ ಅಲ್ಲ ಅನ್ನುವವರಿಗೆ ಒಂದು ಒಳ್ಳೆಯ ಉದಾಹರಣೆ ಇದೆ. ದಕ್ಷಿಣ ಆಸ್ಟ್ರೇಲಿಯಾದ ಈಡನ್ ವ್ಯಾಲಿಯ ಹೆನ್ಷ್ಕಿ ಕುಟುಂಬ. 1868ರಿಂದ ವೈನ್ ಮಾಡುತ್ತಿದ್ದಾರೆ. ಅವರ ಮೌಂಟ್ ಎಡೆಲ್‌ಸ್ಟೋನ್ ಶಿರಾಜ್ (ಸಿರಾ ದ್ರಾಕ್ಷಿಗೆ ಅಲ್ಲಿನ ಹೆಸರು) 1952ರಿಂದ ಬರುತ್ತಿದೆ. ಆದರೆ 1912ರಲ್ಲಿ ನೆಟ್ಟ ಆ ತೋಟ ಆಗ ಅವರದಾಗಿರಲಿಲ್ಲ. ನೆರೆಯವರ ತೋಟದ ಹಣ್ಣು ಕೊಂಡು, ಬೇರೆ ಯಾವುದಕ್ಕೂ ಬೆರೆಸದೆ, ಆ ತೋಟದ ಹೆಸರಲ್ಲೇ ಬಾಟಲಿ ಮಾಡಿದರು. ತೋಟ ಕೊಂಡದ್ದು 1974ರಲ್ಲಿ. ಅಲ್ಲಿನ ಬಳ್ಳಿಗಳು ಬೇರೆ ಗಿಡದ ಬೇರಿಗೆ ಕಸಿ ಮಾಡದೆ ತಮ್ಮದೇ ಬೇರಿನ ಮೇಲೆ ನಿಂತಿವೆ. ದಕ್ಷಿಣ ಆಸ್ಟ್ರೇಲಿಯಾಕ್ಕೆ ಫಿಲಾಕ್ಸೆರಾ ಕಾಲಿಟ್ಟಿಲ್ಲ, ಅದಕ್ಕೇ ಅಲ್ಲಿ ಇಷ್ಟು ಮುದಿ ಬಳ್ಳಿಗಳು ಉಳಿದಿವೆ.

ಹಿಲ್ ಆಫ್ ಗ್ರೇಸ್ ಬಗ್ಗೆ ಎಲ್ಲರಿಗೂ ಗೊತ್ತು. 1860ರ ಸುಮಾರಿಗೆ ನೆಟ್ಟ ಬಳ್ಳಿಗಳು, 1958ರಲ್ಲಿ ಮೊದಲ ವೈನ್. ಬೆಳೆ ಸರಿಬಾರದ ವರ್ಷ ಅದನ್ನು ಮಾಡುವುದೇ ಇಲ್ಲ. ನನ್ನ ಆಯ್ಕೆ ಮಾತ್ರ ಮೌಂಟ್ ಎಡೆಲ್‌ಸ್ಟೋನ್. ಶಿರಾಜ್ ಅಂದರೆ ಜಾಮ್ ಥರ ದಪ್ಪ, ಸಿಹಿ ಅಂತ ತಿಳಿದವರು ಇದನ್ನು ಒಮ್ಮೆ ಕುಡಿಯಬೇಕು. ಈಡನ್ ವ್ಯಾಲಿ ಎತ್ತರದಲ್ಲಿದೆ, ರಾತ್ರಿ ತಂಪು. ಅದಕ್ಕೆ ಹುಳಿ ಉಳಿಯುತ್ತದೆ. ಕರಿಮೆಣಸು, ಒಣ ಎಲೆ, ಕಪ್ಪು ಹಣ್ಣು, ಎಲ್ಲ ಇದ್ದೂ ಭಾರ ಅನ್ನಿಸುವುದಿಲ್ಲ. ತೋಟ ನೋಡಿಕೊಂಡವರು ಪ್ರೂ ಹೆನ್ಷ್ಕಿ, ಸಸ್ಯಶಾಸ್ತ್ರ ಓದಿದವರು. ಮುದಿ ಬಳ್ಳಿಗಳಲ್ಲಿ ಒಳ್ಳೆಯದನ್ನು ಆರಿಸಿ ಅದರ ಕಡ್ಡಿಯಿಂದ ಹೊಸ ಗಿಡ ಬೆಳೆಸುವ ಕೆಲಸ ಅವರದು. ಅದರ ಫಲ ಪೂರ್ತಿ ನೋಡುವುದು ಮುಂದಿನ ತಲೆಮಾರು.

ಬೆಟ್ಟದಾಚೆ

ಎಲ್ಲರೂ ನಂಬಿಕೆ ಅಂದರೆ ಹದ ತಪ್ಪದಿರುವುದು ಅಂತಲೇ ಹೇಳುತ್ತಿದ್ದೀರಿ. ನನ್ನ ಮೆಚ್ಚಿನ ಮನೆ ಎರಡು ವರ್ಷ ಒಂದೇ ಥರದ ವೈನ್ ಕೊಟ್ಟದ್ದೇ ಇಲ್ಲ. ಆದರೂ ನಾನು ಅದನ್ನೇ ಎಲ್ಲಕ್ಕಿಂತ ಜಾಸ್ತಿ ನಂಬುತ್ತೇನೆ. ಲೆಬನಾನ್‌ನ ಶಾತೋ ಮ್ಯೂಸಾರ್.

1930ರಲ್ಲಿ ಗಾಸ್ತೋನ್ ಹೋಶಾರ್ ಶುರುಮಾಡಿದರು. 1959ರಿಂದ ಮಗ ಸೆರ್ಜ್ ವೈನ್ ಮಾಡಿದರು. ವೈನರಿ ಇರುವುದು ಬೈರೂತಿನ ಉತ್ತರಕ್ಕೆ, ಸಮುದ್ರದ ಕಡೆಯ ಗಜೀರ್‌ನಲ್ಲಿ. ತೋಟ ಇರುವುದು ಬೆಟ್ಟಸಾಲಿನ ಆಚೆ, ಬೆಕಾ ಕಣಿವೆಯಲ್ಲಿ, ಸುಮಾರು 1000 ಮೀಟರ್ ಎತ್ತರದಲ್ಲಿ. ಕೊಯ್ದ ದ್ರಾಕ್ಷಿ ಲಾರಿಯಲ್ಲಿ ಬೆಟ್ಟ ದಾಟಿ ಬರಬೇಕು. ಈಗ ಯೋಚಿಸಿ, 1975ರಿಂದ 1990ರ ತನಕ ಅಲ್ಲಿ ಅಂತರ್ಯುದ್ಧ. ಸೈನಿಕರ ತಪಾಸಣೆ, ಗುಂಡಿನ ಚಕಮಕಿ, ಮುಚ್ಚಿದ ರಸ್ತೆಗಳ ನಡುವೆ ಆ ಲಾರಿಗಳು ಬಂದವು. 1976ರಲ್ಲಿ ಮಾತ್ರ ವೈನ್ ಮಾಡಲು ಆಗಲೇ ಇಲ್ಲ. 1984ರಲ್ಲಿ ಲಾರಿಗಳು ಎಷ್ಟು ತಡವಾದವೆಂದರೆ ದ್ರಾಕ್ಷಿ ದಾರಿಯಲ್ಲೇ ಹುದುಗಲು ಶುರುವಾಗಿತ್ತು. ಉಳಿದ ವರ್ಷಗಳಲ್ಲಿ ವೈನ್ ಬಂತು. ಅದೇ 1984ರಲ್ಲಿ ಡಿಕ್ಯಾಂಟರ್ ಎಂಬ ವೈನ್ ಪತ್ರಿಕೆ ಮೊದಲ ಸಲ ಕೊಟ್ಟ ವರ್ಷದ ವ್ಯಕ್ತಿ ಗೌರವ ಸಂದದ್ದು ಸೆರ್ಜ್ ಹೋಶಾರ್ ಅವರಿಗೆ.

ಮುಖ್ಯ ಕೆಂಪು ವೈನ್‌ನಲ್ಲಿ ಕ್ಯಾಬರ್ನೆ ಸೋವಿನ್ಯೋಂ, ಸಿನ್ಸೋ, ಕಾರಿನ್ಯಾನ್ ಮೂರೂ ಇರುತ್ತವೆ. ಮೂರನ್ನೂ ಬೇರೆ ಬೇರೆಯಾಗಿ ಸಿಮೆಂಟ್ ತೊಟ್ಟಿಯಲ್ಲಿ ಹುದುಗಿಸಿ, ಒಂದು ವರ್ಷ ಫ್ರೆಂಚ್ ಓಕ್‌ನಲ್ಲಿಟ್ಟು, ಆಮೇಲೆ ಬೆರೆಸುತ್ತಾರೆ. ಬಾಟಲಿಯಲ್ಲಿ ವರ್ಷಗಟ್ಟಲೆ ಇಟ್ಟು, ಕೊಯ್ಲಾದ ಏಳನೇ ವರ್ಷಕ್ಕೆ ಮಾರಲು ಬಿಡುತ್ತಾರೆ. ತೋಟದ ದಾರಿ ಅವರ ಅಳತೆಗೋಲು ಇಲ್ಲೂ ಸರಿಹೋಗುತ್ತದೆ. ಕೆಲವು ವರ್ಷ ಸಿನ್ಸೋ ಮುಂದೆ ನಿಂತು ನಾಜೂಕಾಗಿರುತ್ತದೆ. ಕೆಲವು ವರ್ಷ ಕ್ಯಾಬರ್ನೆ ಎದೆ ಉಬ್ಬಿಸಿ ನಿಂತಿರುತ್ತದೆ. ಅಂಜೂರ, ದೇವದಾರು, ತೊಗಲು, ಮಸಾಲೆ ಘಮ. ಆ ವರ್ಷದ ಮಳೆ ಬಿಸಿಲು ಹೇಗಿತ್ತೋ ಹಾಗೇ ಬಾಟಲಿಗೆ ಇಳಿದಿರುತ್ತದೆ. ಅದನ್ನು ಮುಚ್ಚಿಡಲು ಹೋಗದ ಮನೆಯನ್ನು ನಾನು ನಂಬುತ್ತೇನೆ.

ತೆಳು ಗಾಜು

ಮ್ಯೂಸಾರ್ ಕಥೆ ನನಗೂ ತುಂಬ ಇಷ್ಟ. ಆದರೆ ಹೊಸ ಗುಟುಕು ಅವರಂಥ ಹೊಸಬರಿಗೆ ಅದನ್ನು ಮೊದಲ ಬಾಟಲಿಯಾಗಿ ಹೇಳಲು ನನಗೆ ಮನಸ್ಸಿಲ್ಲ. ಅದರಲ್ಲಿ ಆವಿಯಾಗುವ ಹುಳಿ, ಅಂದರೆ ವಿನೆಗರ್ ಕಡೆಯ ಹುಳಿ, ಬೇರೆ ವೈನ್‌ಗಳಿಗಿಂತ ಜಾಸ್ತಿ. ಕೆಲವು ಬಾಟಲಿಗಳಲ್ಲಿ ನೇಲ್ ಪಾಲಿಶ್ ವಾಸನೆ ಮೊದಲು ಬರುತ್ತದೆ, ಹಣ್ಣು ಆಮೇಲೆ. ಅದೇ ಚೆಂದ ಅನ್ನುವವರು ಇದ್ದಾರೆ. ನನಗೆ ಅದು ಅಡ್ಡಿ. ಒಂದೇ ವರ್ಷದ ಎರಡು ಬಾಟಲಿ ಬೇರೆ ಬೇರೆ ಇರುವುದೂ ಉಂಟು. ಬೆಳೆಯ ವ್ಯತ್ಯಾಸ ಒಪ್ಪುತ್ತೇನೆ. ಬಾಟಲಿಯಿಂದ ಬಾಟಲಿಗೆ ವ್ಯತ್ಯಾಸ ಬಂದರೆ ಅದನ್ನು ನಂಬಿಕೆಯ ಲೆಕ್ಕಕ್ಕೆ ಸೇರಿಸಲಾರೆ.

ಬೆಟ್ಟದಾಚೆ

ಹೊಸಬರಿಗೆ ಬೇಡ ಅನ್ನುವ ಮಾತು ಒಪ್ಪುತ್ತೇನೆ. ಅಂಥವರಿಗೆ ಅದೇ ಮನೆಯ ಮ್ಯೂಸಾರ್ ಜ್ಯೂನ್ ಇದೆ. ಓಕ್ ಸೋಕದ, ತಾಜಾ ಹಣ್ಣಿನ ಕೆಂಪು. ಅದಕ್ಕಿಂತ ಮೇಲೆ ಹೋಶಾರ್ ಪೇರ್ ಎ ಫಿಸ್, ಒಂದೇ ತೋಟದ ಹಣ್ಣಿನದು. ಅಲ್ಲಿಂದ ಹತ್ತಿ ಬಂದರೆ ದೊಡ್ಡ ಮ್ಯೂಸಾರ್ ಅಪರಿಚಿತ ಅನ್ನಿಸುವುದಿಲ್ಲ.

ಆ ಹುಳಿಯ ವಿಷಯ ಮಾತ್ರ ಒಪ್ಪಲಾರೆ. ಮಿತಿಯಲ್ಲಿದ್ದರೆ ಅದು ಘಮವನ್ನು ಮೇಲಕ್ಕೆತ್ತುತ್ತದೆ. ತೊಂದೋನಿಯಾದಲ್ಲೂ ಅದರ ಒಂದು ಎಳೆ ಇದ್ದೇ ಇದೆ, ಗಮನವಿಟ್ಟು ಮೂಸಿ ನೋಡಿ.

ಒಗರುಪ್ರಿಯ

ಇದೆ. ಬೊಸ್ಕೋನಿಯಾದಲ್ಲೂ ಇದೆ. ಅಷ್ಟು ವರ್ಷ ಪೀಪಾಯಿಯಲ್ಲಿದ್ದು ಗಾಳಿ ಕುಡಿದ ವೈನ್‌ನಲ್ಲಿ ಅದು ಇಲ್ಲದಿದ್ದರೇ ಆಶ್ಚರ್ಯ.

ರೋನ್ ತೀರ

ರೋನ್ ಕಡೆಯಿಂದ ಇನ್ನೊಂದು ಮನೆ ಸೇರಿಸುತ್ತೇನೆ. ಶಾತೋನಫ್ ದ್ಯು ಪಾಪ್ ಎಂಬ ಊರಿನ ಬೋಕಾಸ್ಟೆಲ್, ಪೆರ್ರಾಂ ಕುಟುಂಬದ್ದು, 1909ರಿಂದ ಅವರ ಮನೆತನದ ಕೈಯಲ್ಲಿದೆ. ಅಲ್ಲಿನ ಕೆಂಪಿಗೆ ಅನುಮತಿ ಇರುವ 13 ಬಗೆಯ ದ್ರಾಕ್ಷಿಯನ್ನೂ ಬೆಳೆಯುತ್ತಾರೆ. ಮೂರ್ವೆದ್ರ್ ಪಾಲು ಸುತ್ತಲಿನವರಿಗಿಂತ ಜಾಸ್ತಿ. ಹಣ್ಣಿನ ಸಿಪ್ಪೆಯನ್ನು ಕ್ಷಣಕಾಲ 80 ಡಿಗ್ರಿ ತನಕ ಬಿಸಿಮಾಡಿ ಕೂಡಲೇ ತಣಿಸುತ್ತಾರೆ. ಹಣ್ಣನ್ನು ಕೆಡಿಸುವ ಕಿಣ್ವಗಳು ಅಷ್ಟಕ್ಕೇ ಸುಮ್ಮನಾಗುತ್ತವೆ. ಬಣ್ಣವೂ ಚೆನ್ನಾಗಿ ಬಿಡುತ್ತದೆ.

ನನ್ನ ಆಯ್ಕೆ ಅಲ್ಲೂ ಕೆಳಗಿನ ಮೆಟ್ಟಿಲೇ. ಕೂದುಲೆ ದ ಬೋಕಾಸ್ಟೆಲ್. ದೊಡ್ಡ ಹೆದ್ದಾರಿಯ ಆಚೆ ಬದಿಯ ತೋಟ, ಹಾಗಾಗಿ ಲೇಬಲ್ ಮೇಲೆ ಬರೀ ಕೋಟ್ ದ್ಯು ರೋನ್ ಅಂತ ಇರುತ್ತದೆ. ಗ್ರೆನಾಶ್, ಮೂರ್ವೆದ್ರ್, ಸಿರಾ, ಸಿನ್ಸೋ. ಅದೇ ಕೈ, ಅದೇ ಶ್ರದ್ಧೆ, ಕಾಯುವ ವರ್ಷ ಮಾತ್ರ ಕಡಿಮೆ.

ನೇರ ಮಾತು

ಇಲ್ಲಿ ಒಂದು ವಿಷಯ ಗಮನಿಸಿದಿರಾ? ಬಹಳಷ್ಟು ಜನ ದೊಡ್ಡ ಹೆಸರಿನ ಬಾಟಲಿ ಬಿಟ್ಟು ಅದರ ಕೆಳಗಿನದನ್ನು ಹೇಳುತ್ತಿದ್ದೀರಿ. ಲಾ ಮೂಲಿನ್ ಬಿಟ್ಟು ಸಾದಾ ಕೋಟ್ ದ್ಯು ರೋನ್, ಹಿಲ್ ಆಫ್ ಗ್ರೇಸ್ ಬಿಟ್ಟು ಎಡೆಲ್‌ಸ್ಟೋನ್, ಬೋಕಾಸ್ಟೆಲ್ ಬಿಟ್ಟು ಕೂದುಲೆ. ಹಾಗಾದರೆ ತೋಟದ ದಾರಿ ಅವರೇ, ನೀವು ಕುಬಿಯೋ ಬಗ್ಗೆ ಯಾಕೆ ಏನೂ ಹೇಳಲಿಲ್ಲ?

ತೋಟದ ದಾರಿ

ಹೇಳುತ್ತೇನೆ. ಮೆಚ್ಚಿನದು ಯಾವುದು ಅಂದರೆ ತೊಂದೋನಿಯಾ. ಮೊದಲು ಯಾವುದು ಕುಡಿಯಬೇಕು ಅಂದರೆ ಕುಬಿಯೋ. ಎರಡೂ ಬೇರೆ ಪ್ರಶ್ನೆ.

ಒಂದು ಮನೆ ನಂಬಿಕೆಗೆ ಯೋಗ್ಯವಾ ಅಂತ ಪರೀಕ್ಷಿಸಬೇಕಾದರೆ ಅದರ ಕಡಿಮೆ ದರ್ಜೆಯ ಬಾಟಲಿ ತೆರೆಯಬೇಕು. ಮೇಲಿನ ಬಾಟಲಿಗೆ ಎಲ್ಲರೂ ಮೈಯೆಲ್ಲ ಕಣ್ಣಾಗಿ ದುಡಿಯುತ್ತಾರೆ. ಕೆಳಗಿನದಕ್ಕೂ ಅಷ್ಟೇ ಕಾಯುತ್ತಾರಾ ಅನ್ನುವಲ್ಲಿ ಮನೆಯ ಗುಣ ಗೊತ್ತಾಗುತ್ತದೆ. ಕುಬಿಯೋದಲ್ಲಿ ಗರ್ನಾಚಾ ಪಾಲು ತೊಂದೋನಿಯಾಗಿಂತ ಜಾಸ್ತಿ, ಕಾಲು ಭಾಗದಷ್ಟು. ಅದಕ್ಕೆ ಕೆಂಪು ಹಣ್ಣು ಇನ್ನೂ ಜೀವಂತವಾಗಿರುತ್ತದೆ. ಹಳೆಯ ವೈನ್‌ನ ಘಮವೂ ಶುರುವಾಗಿರುತ್ತದೆ. ಅವಸರ ಮಾಡಿ ಹೊರಗೆ ತಳ್ಳಿದ್ದು ಅಂತ ಒಂದು ಗುಟುಕಿನಲ್ಲೂ ಅನ್ನಿಸುವುದಿಲ್ಲ.

ಹೊಸ ಗುಟುಕು

ಹಾಗಿದ್ದರೆ ನಾನು ಕುಬಿಯೋ ಮತ್ತು ಗಿಗಾಲ್ ಕೋಟ್ ದ್ಯು ರೋನ್ ಎರಡನ್ನೂ ತರಿಸುತ್ತೇನೆ. ಪಕ್ಕಪಕ್ಕ ಇಟ್ಟು ಕುಡಿದರೆ ಹಳೆಯ ಪೀಪಾಯಿಯ ನಯ, ಸಿರಾದ ಘಾಟು ಎರಡೂ ಗೊತ್ತಾಗಬಹುದು ಅನ್ನಿಸುತ್ತದೆ. ಕೊಳ್ಳುವಾಗ ಏನಾದರೂ ನೋಡಬೇಕಾ?

ತೆಳು ಗಾಜು

ನೋಡಬೇಕು. ಎಂಥ ಒಳ್ಳೆಯ ಮನೆಯ ವೈನ್ ಆದರೂ ಮಾರುವವರು ಬಿಸಿಲಲ್ಲಿ ಇಟ್ಟರೆ ಮುಗಿಯಿತು. ನನಗೆ ಒಬ್ಬ ಮಾರಾಟಗಾರರು ಕಳಿಸಿದ ರಿಯೋಹಾ ಬಾಟಲಿಯ ಕಾರ್ಕ್ ಅರ್ಧ ಮೇಲೆದ್ದು ಬಂದಿತ್ತು, ಕತ್ತಿನ ಸುತ್ತ ವೈನ್ ಅಂಟು. ಒಳಗಿನ ವೈನ್ ಬೆಂದ ಹಣ್ಣಿನ ರುಚಿ ಹೊಡೆಯುತ್ತಿತ್ತು. ಅವರು ವಾಪಸ್ ತೆಗೆದುಕೊಳ್ಳಲಿಲ್ಲ. ಅಂಥ ಬಾಟಲಿ ಕಂಡರೆ ಅಲ್ಲೇ ಬೇಡ ಅನ್ನಿ.

ಕತ್ತಿನಲ್ಲಿ ವೈನ್ ಮಟ್ಟ ಎಲ್ಲಿದೆ ನೋಡಿ. ಒಂದೇ ವರ್ಷದ ಬೇರೆ ಬಾಟಲಿಗಳಿಗಿಂತ ತೀರಾ ಕೆಳಗಿದ್ದರೆ ಬಿಡಿ. ತೆರೆದ ಮೇಲೆ ಒದ್ದೆ ರಟ್ಟಿನ ವಾಸನೆ ಬಂದು ಹಣ್ಣಿನ ಘಮವೇ ಇಲ್ಲದಿದ್ದರೆ ಅದು ಕಾರ್ಕ್‌ನ ದೋಷ, ಟಿಸಿಎ ಎಂಬ ರಾಸಾಯನಿಕದಿಂದ ಆಗುವುದು. ಗಾಳಿಗೆ ಬಿಟ್ಟರೂ ಹೋಗುವುದಿಲ್ಲ. ವೈನರಿಯನ್ನು ಅದೊಂದರಿಂದ ಅಳೆಯಬೇಡಿ, ಇನ್ನೊಂದು ಬಾಟಲಿ ತೆರೆಯಿರಿ.

ಹಳೇ ಬಳ್ಳಿ

ಬಿಸಿ ಜಾಸ್ತಿ ಆಗಬಾರದು. ಎರಡೂ 16ರಿಂದ 18 ಡಿಗ್ರಿಯಲ್ಲಿ ಚೆನ್ನ. ರೂಮಿನ ಬಿಸಿಯಲ್ಲಿ ಮದ್ಯಾಂಶವೇ ಮೂಗಿಗೆ ಹೊಡೆಯುತ್ತದೆ. ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟು ತೆಗೆಯಿರಿ.

ಹೊಸ ಗುಟುಕು

ಫಿಲ್ಟರ್ ಮಾಡುವುದಿಲ್ಲ ಅಂದರಲ್ಲ, ಬಾಟಲಿಯಲ್ಲಿ ಗಷ್ಟು ಇದ್ದರೆ ಸೋಸಬೇಕಾ? ಇನ್ನೂ ಒಂದು. ಒಂದೇ ದಿನ ಎರಡು ಬಾಟಲಿ ಮುಗಿಯುವುದಿಲ್ಲ. ಉಳಿದದ್ದು ಹಾಳಾಗುತ್ತದಾ?

ತೋಟದ ದಾರಿ

ಕುಬಿಯೋ ಬಾಟಲಿಯನ್ನು ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ. ಗಷ್ಟು ತಳಕ್ಕೆ ಕೂರುತ್ತದೆ. ಸೋಸುವುದು ಬೇಡ, ಅಲುಗಾಡಿಸದೆ ನಿಧಾನಕ್ಕೆ ಬಗ್ಗಿಸಿ, ಕೊನೆಯ ಒಂದಿಷ್ಟು ಬಿಟ್ಟುಬಿಡಿ. ಗಿಗಾಲ್ ಅನ್ನು ಒಂದು ಗಂಟೆ ಮೊದಲೇ ತೆರೆದು ಬೇರೆ ಪಾತ್ರೆಗೆ ಬಗ್ಗಿಸಿದರೆ ಘಮ ಬಿಚ್ಚಿಕೊಳ್ಳುತ್ತದೆ. ಕುಬಿಯೋಗೆ ಅಷ್ಟು ಬೇಡ, ಗ್ಲಾಸಿನಲ್ಲೇ ಅರಳುತ್ತದೆ. ಮುಂದೆ ಎಂದಾದರೂ ಗ್ರಾನ್ ರೆಸೆರ್ವಾ ಸಿಕ್ಕಿದರೆ ಗಂಟೆಗಟ್ಟಲೆ ಮೊದಲೇ ಪಾತ್ರೆಗೆ ಬಗ್ಗಿಸಿ ಇಡಬೇಡಿ, ಹಳೆಯ ವೈನ್‌ನ ಘಮ ಬೇಗ ಹಾರಿಹೋಗುತ್ತದೆ.

ಉಳಿದದ್ದಕ್ಕೆ ಕಾರ್ಕ್ ಹಾಕಿ ಫ್ರಿಜ್‌ನಲ್ಲಿಡಿ. ಗಿಗಾಲ್ ಮಾರನೇ ದಿನ ಕೆಲವೊಮ್ಮೆ ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ. ಕುಬಿಯೋ ಅಷ್ಟು ವರ್ಷ ಗಾಳಿಯ ಜೊತೆಗೇ ಬೆಳೆದದ್ದು, ಅದೂ ಒಂದೆರಡು ದಿನ ತಡೆಯುತ್ತದೆ. ಕುಡಿಯುವ ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ. ಯಾವುದು ಹಿಡಿಸಿತು ಅಂತ ಇಲ್ಲೇ ಬರೆಯಿರಿ. ಬೊಸ್ಕೋನಿಯಾ ಕಡೆಗೆ ಕಳಿಸಬೇಕಾ, ಕೂದುಲೆ ಕಡೆಗೆ ಕಳಿಸಬೇಕಾ ಅಂತ ಆಮೇಲೆ ನೋಡೋಣ.